ನಾಲ್ಕನೆಯ ಅಡ್ಡರಸ್ತೆಯ ನಾಸಿಕ ಸಂರಕ್ಷಣೆ

ಜುಲೈ ೩, ಬುಧವಾರ

ಕಾಪು ಕಡಲ ಕಿನಾರೆಯಲ್ಲಿ ಅವತರಿಸಿ, ಬಂಗುಡೆ ಬೂತಾಯಿ ಮೀನುಗಳ ಪರಿಮಳದಲ್ಲಿ ಬಾಲ್ಯವನ್ನು ಸಾರ್ಥಕಗೊಳಿಸಿ, ಒಣಮೀನಿನ ಅಂಗಳದಲ್ಲಿ ಪ್ರೌಢಶಿಕ್ಷಣವನ್ನು ಪೂರೈಸಿ, ಇಂದು ಉಡುಪಿ ನಗರಕ್ಕೆ ಚಿತ್ತೈಸಿರುವ ಸನ್ಮಾನ್ಯ ನಾಸಿಕ ಮಹೋದಯರೇ, ತಮ್ಮ ಘನ ಸನ್ನಿಧಾನಕ್ಕೆ ತಮ್ಮ ಮಾಲೀಕನಾದ ಯಶ್ವಂತನು ತುಂಬು ಹೃದಯದಿಂದ ಅರ್ಪಿಸುವ ಬಿನ್ನವತ್ತಳೆ.

ತಾವು ಇನ್ನು ಮುಂದೆ ಸಸ್ಯಾಹಾರಿ.

ಹೀಗೆ ಬರೆಯುವುದು ನನ್ನ ಹೊಟ್ಟೆಪಾಡು. ಮಣಿಪಾಲದ ಒಂದು ಪ್ರೆಸ್ಸಿನಲ್ಲಿ ಕುಳಿತು ಸನ್ಮಾನ ಪತ್ರ, ಮದುವೆ ಕಾಗದ, ಫ್ಲೆಕ್ಸುಗಳಿಗೆ ವಾಕ್ಯ ಹೊಸೆಯುತ್ತೇನೆ. ನಿವೃತ್ತ ಪೋಸ್ಟ್‌ಮಾಸ್ಟರರನ್ನು ಜ್ಞಾನಭಾಸ್ಕರ ಮಾಡಿದ್ದೇನೆ, ಕಬಡ್ಡಿ ತಂಡದ ಮ್ಯಾನೇಜರನ್ನು ಕ್ರೀಡಾಕಲ್ಪವೃಕ್ಷ ಮಾಡಿದ್ದೇನೆ. ನನ್ನನ್ನು ಮಾತ್ರ ಯಾರೂ ಬಾಡಿಗೆದಾರನನ್ನಾಗಿ ಮಾಡಲಿಲ್ಲ. ಒಂದು ವಾರದಿಂದ ಗೇಟು ತಟ್ಟುತ್ತಿದ್ದೇನೆ. ಎಲ್ಲ ಕಡೆ ಒಂದೇ ಬೋರ್ಡು: ಸಸ್ಯಾಹಾರಿಗಳಿಗೆ ಮಾತ್ರ. ಬೋರ್ಡು ಇಲ್ಲದ ಕಡೆ ಪ್ರಶ್ನೆ ಉಂಟು: ತಂದೆ ಎಂತ ಮಾಡುವುದು? ಬೋಟಿನಲ್ಲಿ ಎಂದು ಹೇಳುತ್ತೇನೆ. ಓ, ಎನ್ನುತ್ತಾರೆ. ಆ ಓಕಾರದ ಒಳಗೆ ಬಾಗಿಲ ಚಿಲಕ ಬೀಳುವ ಸದ್ದು ಇರುತ್ತದೆ. ಆಮೇಲೆ ಗೊತ್ತಾಗುತ್ತದೆ, ರೂಮು ನಿನ್ನೆಯೇ ಹೋಗಿದೆ.

ಇವತ್ತು ಇಂದ್ರಾಳಿಯ ಒಂದು ಬಡಾವಣೆ, ನಾಲ್ಕನೆಯ ಅಡ್ಡರಸ್ತೆ. ಗೇಟಿನಲ್ಲಿ ಅದೇ ಬೋರ್ಡು. ಆದರೆ ಬೋರ್ಡಿನ ಹಿಂದಿನ ಅಡುಗೆಮನೆಯಿಂದ ಕಾಣೆ ಮೀನು ಹುರಿಯುವ ಘಮ. ತಪ್ಪಿ ಬಂದೆನೋ ಎಂದು ಮತ್ತೆ ಓದಿದೆ. ಸರಿಯಾಗಿಯೇ ಉಂಟು. ಬಾಗಿಲು ತೆರೆದವರು ಬೆನೆಡಿಕ್ಟಾ ಬಾಯಮ್ಮ, ಐವತ್ತೈದು ದಾಟಿದವರು, ಕುತ್ತಿಗೆಯಲ್ಲಿ ಅಳತೆಯ ಟೇಪು. ಕ್ರಿಶ್ಚಿಯನ್ ಮದುಮಗಳಂದಿರ ಬಿಳಿ ಗೌನು ಹೊಲಿಯುತ್ತಾರೆ. ಹಿತ್ತಿಲಲ್ಲಿ ಬಾಡಿಗೆಗೆ ಎರಡು ಪುಟ್ಟ ಮನೆಗಳು.

ನನಗೆ ಕೀಟಲೆ ಹತ್ತಿತು. ಕೈಮುಗಿದು, ಅಮ್ಮಾ, ನಾನು ಈರುಳ್ಳಿಯನ್ನೂ ಮುಟ್ಟುವವನಲ್ಲ ಎಂದೆ.

"ಅಷ್ಟೆಲ್ಲ ಬೇಡ ಮಾರಾಯ. ಮೀನು ಮಾಂಸ ಬೇಡ, ಸಾಕು" ಎಂದರು.

ತಾವು? ಎಂದು ಒಳಗಿನ ಹೊಗೆಯ ಕಡೆ ವಿನಯದಿಂದ ನೋಡಿದೆ.

"ನನ್ನದು ಸ್ವಂತ ಮನೆ ಅಲ್ವಾ. ಬೋರ್ಡು ಬಾಡಿಗೆಯವರಿಗೆ. ಈ ರಸ್ತೆಯಲ್ಲಿ ಎಲ್ಲರ ಗೇಟಿನಲ್ಲೂ ಉಂಟು, ನನ್ನ ಗೇಟಿನಲ್ಲಿ ಇಲ್ಲದಿದ್ದರೆ ಚಂದ ಕಾಣುತ್ತದಾ?"

ಕೀಲಿ ನನ್ನ ಕೈಗೆ ಬಂತು. ತಂದೆಯ ವಿಷಯ ಅವರು ಕೇಳಲಿಲ್ಲ.

ಜುಲೈ ೯, ಮಂಗಳವಾರ

ಘೋರ ತಪಸ್ಸು. ಗೋಡೆಯ ಆಚೆ ಬಾಯಮ್ಮ ಮಸಾಲೆ ಅರೆಯುತ್ತಾರೆ, ಈಚೆ ನಾನು ಮೊಸರನ್ನಕ್ಕೆ ಉಪ್ಪಿನಕಾಯಿ ತೋರಿಸುತ್ತೇನೆ. ಮಳೆಗಾಲದ ಮೀನುಗಾರಿಕೆ ನಿಷೇಧ ಇರುವುದರಿಂದ ಸಿಗುವುದೆಲ್ಲ ಐಸಿನ ಮೀನು. ಇವತ್ತು ಸ್ಕೂಟರಿನಲ್ಲಿ ಬಂದವನು ಬಾಯಮ್ಮನಿಗೆ ದಾಟಿಸಿದ ಬಂಗುಡೆ ಹೋದ ವಾರವೇ ಸ್ವರ್ಗಸ್ಥವಾದದ್ದು. ಕಣ್ಣು ಒಳಗೆ ಹೋಗಿತ್ತು. ನನ್ನ ಅಮ್ಮ ಕಂಡಿದ್ದರೆ ಆ ಸ್ಕೂಟರನ್ನೇ ಚರಂಡಿಗೆ ದೂಡುತ್ತಿದ್ದರು. ನಾನು ಈರುಳ್ಳಿ ಮುಟ್ಟದವನು, ಏನು ಹೇಳಲಿ? ಬಾಯಮ್ಮ ಚೀಲ ಹಿಡಿಯಲು ಕೊಟ್ಟರು. ಎರಡು ಬೆರಳಿನಿಂದ ಹಿಡಿದು, ಮುಖವನ್ನು ಪೂರ್ವಕ್ಕೆ ತಿರುಗಿಸಿ, ಮೂಗಿಗೆ ಕರವಸ್ತ್ರ ಒತ್ತಿದೆ. ಬಾಯಮ್ಮ ನನ್ನನ್ನೇ ನೋಡುತ್ತಿದ್ದರು. ನನ್ನ ಅಭಿನಯ ಅಷ್ಟು ಚೆನ್ನಾಗಿತ್ತು.

ಜುಲೈ ೧೪, ಭಾನುವಾರ

ಕಾಪು. ಮನೆಯಲ್ಲಿ ಇಡೀ ಪ್ರಸಂಗವನ್ನು ಆಡಿ ತೋರಿಸಿದೆ. ಬೋಟು ದಡದಲ್ಲಿರುವುದರಿಂದ ಅಪ್ಪ ಹಗಲೆಲ್ಲ ಮನೆಯಲ್ಲೇ. ಬಲೆ ರಿಪೇರಿ ಬಿಟ್ಟು ಗೋಡೆಗೆ ಒರಗಿ ನಕ್ಕರು. ದೇಜಪ್ಪನ ಮಗ ಈರುಳ್ಳಿ ಮುಟ್ಟುವುದಿಲ್ಲವಂತೆ ಎಂದು ತಮ್ಮದೇ ಹೆಸರು ಹಿಡಿದು ನೆರೆಮನೆಗೂ ಕೂಗಿ ಹೇಳಿದರು. ಅಮ್ಮ ನನ್ನ ಬಟ್ಟಲಿಗೆ ಇನ್ನೊಂದು ಮೀನು ಹಾಕಿದರು.

"ಹಾಗಾದರೆ ನಾನು ಅಲ್ಲಿಗೆ ಬರುವ ಹಾಗಿಲ್ವಾ ಮಗಾ?" ಎಂದರು.

ಇದು ತಮಾಷೆಗೆ ಅಮ್ಮಾ ಎಂದೆ. ಅಮ್ಮ ಬುಟ್ಟಿಯಲ್ಲಿ ಮೀನು ಹೊತ್ತು ಕಾಪು ಪೇಟೆಯಲ್ಲಿ ಮಾರುವವರು. ಸಾವಿರ ಗಿರಾಕಿಗಳೊಡನೆ ತಮಾಷೆ ಮಾಡಿ ಗೊತ್ತಿದ್ದವರು. ತಮಾಷೆಯಾ, ಸರಿ, ಎಂದರು. ಹೊರಡುವಾಗ ಒಣ ಸೀಗಡಿ ಚಟ್ನಿಯ ಬಾಟಲಿಯನ್ನು ಮೂರು ಸುತ್ತು ಪ್ಲಾಸ್ಟಿಕ್ ಸುತ್ತಿ ಬ್ಯಾಗಿಗೆ ತುರುಕಿದರು. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ ಅದನ್ನು ಕಂಡಕ್ಟರರಿಗೆ ದಾನ ಮಾಡಿದೆ. ಅವರು ನನ್ನನ್ನು ದೇವರಂತೆ ನೋಡಿದರು.

ಜುಲೈ ೨೮, ಭಾನುವಾರ

ಲೋಕವೇ, ಕೇಳು. ನಾನು ನಾಲ್ಕನೆಯ ಅಡ್ಡರಸ್ತೆ ನಿವಾಸಿಗಳ ಸಂಘದ ಜತೆ ಕಾರ್ಯದರ್ಶಿ.

ಸಂಘದ ಅಧ್ಯಕ್ಷರು ನಮ್ಮ ಪ್ರೆಸ್ಸಿಗೆ ಬಂದಿದ್ದರು. ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಈಗ ಆಜ್ಞೆ ಮಾಡಲು ಯಾರೂ ಸಿಗದೆ ರಸ್ತೆಯ ನಾಯಿಗಳಿಗೆ ಶಿಸ್ತು ಕಲಿಸುತ್ತಾರೆ. ನಾನು ಬರೆದ ಸನ್ಮಾನ ಪತ್ರ ಓದಿ ಕನ್ನಡಕ ಒರೆಸಿಕೊಂಡರು. ಅದೇ ರಸ್ತೆಯ ಹುಡುಗ, ಶುದ್ಧ ಸಸ್ಯಾಹಾರಿ, ಇಂಥ ಕನ್ನಡ! ನನ್ನನ್ನು 'ರಾಯರೇ' ಎಂದು ಕರೆದರು. ನಾನು ರಾಯನೆಂದು ಎಲ್ಲೂ ಹೇಳಿಲ್ಲ. ಅಲ್ಲವೆಂದೂ ಹೇಳಿಲ್ಲ. ಹಿರಿಯರ ಮಾತಿಗೆ ಅಡ್ಡ ಬರಬಾರದು.

ಇವತ್ತಿನ ಸಭೆಯ ಗಂಭೀರ ವಿಷಯ: ಬಾಡಿಗೆ ಮನೆಗಳಿಂದ ಬರುವ ವಾಸನೆ. ಒಂದು ನೋಟೀಸು ಬೇಕು, ಭಾಷೆ ಗಟ್ಟಿ ಇರಲಿ, ರಾಯರೇ ನೀವೇ ಬರೆಯಿರಿ ಎಂದರು. ಬಾಯಮ್ಮ ಮೂಲೆಯ ಕುರ್ಚಿಯಲ್ಲಿ ಕುಳಿತು ಗೌನಿಗೆ ಮಣಿ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.

ಬರೆದೆ. ಇದುವರೆಗಿನ ನನ್ನ ಕೀಟಲೆಗಳಲ್ಲೇ ಇದು ಶಿಖರ. ನಾಲ್ಕನೆಯ ಅಡ್ಡರಸ್ತೆಯ ನಾಸಿಕ ಸಂರಕ್ಷಣಾ ನಿಯಮಗಳು. "ಗಾಳಿಯು ಸರ್ವರ ಸೊತ್ತು, ಆದುದರಿಂದ ಗಾಳಿಯಲ್ಲಿ ತೇಲುವ ಪ್ರತಿಯೊಂದು ಪರಿಮಳವೂ ಸಂಘದ ಪೂರ್ವಾನುಮತಿ ಪಡೆದಿರತಕ್ಕದ್ದು." "ಹೊಸ ಬಾಡಿಗೆದಾರರನ್ನು ಸಂಘದ ಅಧಿಕೃತ ನಾಸಿಕವು ಪರಿಶೀಲಿಸತಕ್ಕದ್ದು." "ಅನ್ಯ ಪರಿಮಳದ ಬಂಧುಗಳು ಗೇಟಿನ ಹೊರಗೆ ನಿಂತು ಕುಶಲ ವಿಚಾರಿಸತಕ್ಕದ್ದು." ನಾಳೆ ಓದಿ ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಅಧ್ಯಕ್ಷರು ಸಿಟ್ಟಾಗಬಹುದು. ಆಗಲಿ.

ಆಗಸ್ಟ್ ೪, ಭಾನುವಾರ

ಸೋಮವಾರ ಸರ್ವಾನುಮತದಿಂದ ಅಂಗೀಕಾರವಾಯಿತು.

ಯಾರೂ ನಗಲಿಲ್ಲ. ಅಧ್ಯಕ್ಷರು ಎದ್ದು ನಿಂತು ಪೂರ್ತಿ ಓದಿದರು. 'ಅನ್ಯ ಪರಿಮಳದ ಬಂಧುಗಳು' ಎಂಬಲ್ಲಿ ಸ್ವರ ಸ್ವಲ್ಪ ನಡುಗಿತು, ಭಕ್ತಿಯಿಂದ. ಎಷ್ಟು ಮರ್ಯಾದೆಯಿಂದ ಹೇಳಿದ್ದಾರೆ ನೋಡಿ ಎಂದರು. ಲ್ಯಾಮಿನೇಟ್ ಮಾಡಿಸಿ ಎಲ್ಲ ಗೇಟಿಗೂ ಕಟ್ಟಲಾಗಿದೆ. ಬಾಯಮ್ಮನ ಗೇಟಿಗೂ. ಮೀನಿನ ಸ್ಕೂಟರಿನವನು ಅದರ ಕೆಳಗೆ ನಿಂತೇ ಹಾರ್ನ್ ಮಾಡುತ್ತಾನೆ.

ಮೊದಲು ತಲೆ ತಿರುಗಿತು. ಆಮೇಲೆ ಕೆಲಸಕ್ಕೆ ಹೋಗುವಾಗ ಗೇಟು ಗೇಟಿನಲ್ಲೂ ನನ್ನ ವಾಕ್ಯ ನೋಡುತ್ತ ಹೋದೆ. ಸನ್ಮಾನ ಪತ್ರಗಳನ್ನು ಜನ ಕಪಾಟಿನ ಹಿಂದೆ ಇಡುತ್ತಾರೆ. ಇದನ್ನು ಓದುತ್ತಾರೆ. ಮೊದಲನೆಯ ನಿಯಮದಲ್ಲಿ ಒಂದು ಅಲ್ಪವಿರಾಮ ಹೆಚ್ಚಾಗಿದೆ. ಮುಂದಿನ ಮುದ್ರಣದಲ್ಲಿ ಸರಿ ಮಾಡಬೇಕು.

ಇವತ್ತು ಸಂಜೆ ಅಧ್ಯಕ್ಷರ ಮನೆಯಿಂದ ಕೆಸುವಿನೆಲೆಯ ಪತ್ರೊಡೆ ಬಂತು. ಒಳ್ಳೆಯ ಪತ್ರೊಡೆ.

ಆಗಸ್ಟ್ ೧೧, ಭಾನುವಾರ

ಅಮ್ಮ ಉಡುಪಿಗೆ ಬಂದಿದ್ದರು. ನಿಷೇಧ ಮುಗಿದು ಬೋಟು ಹೊರಟಿದೆ, ಒಳ್ಳೆಯ ಬಂಗುಡೆ ಬಿದ್ದಿದೆ, ಬೆಳಿಗ್ಗೆ ಮಾರಿ ಮುಗಿಸಿ ಅಲ್ಲಿಂದಲೇ ಬಸ್ಸು ಹತ್ತಿದ್ದಾರೆ. ರೂಮಿಗೆ ಬರುತ್ತೇನೆ ಎಂದರು. ಮಳೆ ಉಂಟು, ರಸ್ತೆ ಕೆಸರು, ನಾನೇ ಸ್ಟ್ಯಾಂಡಿಗೆ ಬರುತ್ತೇನೆ ಎಂದೆ. ನಮ್ಮ ರಸ್ತೆಗೆ ಕಾಂಕ್ರೀಟು ಹಾಕಿ ಎರಡು ವರ್ಷವಾಯಿತು, ಆದರೂ ಮಳೆ ಮಳೆಯೇ.

ಹೋಟೆಲಿನಲ್ಲಿ ಮೂಲೆಯ ಮೇಜು ಹಿಡಿದೆ. ಅಮ್ಮ ಎರಡು ಗೋಳಿಬಜೆ ತಿಂದರು. ನಾನು ಮಾತಾಡುತ್ತ ಗೊತ್ತಿಲ್ಲದೆಯೇ ಮೂಗಿಗೆ ಕರವಸ್ತ್ರ ಹಿಡಿದಿದ್ದೆ.

"ನೆಗಡಿಯಾ?" ಎಂದು ಕೇಳಿದರು.

ಹೌದು ಎಂದೆ. ನಿಜಕ್ಕೂ ಇರಬೇಕು, ಎರಡು ದಿನದಿಂದ ಗಂಟಲು ಸರಿಯಿಲ್ಲ. ಅಮ್ಮ ಚಾ ಪೂರ್ತಿ ಕುಡಿಯದೆ ಎದ್ದರು. ಬಸ್ಸಿಗೆ ಹೊತ್ತಾಯಿತಂತೆ. ಕಾಪುವಿಗೆ ಐದು ನಿಮಿಷಕ್ಕೊಂದು ಬಸ್ಸು ಉಂಟು.

ಆಗಸ್ಟ್ ೧೭, ಶನಿವಾರ

ಜಾಬಿರನ ಫೋನು. ಕಾರ್ಕಳದ ಕಾಲೇಜಿನಲ್ಲಿ ನಾನೂ ಅವನೂ ಒಂದೇ ಬೆಂಚಿನವರು. ಆಗ ಕಾಪುವಿಗೆ ಹೋಗುವ ಬಸ್ಸು ತಪ್ಪಿದಾಗಲೆಲ್ಲ ಬಜಗೋಳಿಯ ಅವನ ಮನೆಗೆ ಹೋಗುತ್ತಿದ್ದೆ. ಬಸ್ಸು ಬಹಳ ತಪ್ಪುತ್ತಿತ್ತು, ಏಕೆಂದರೆ ಅವನ ತಾಯಿ ಆಯಿಶಮ್ಮ ಪತ್ತಿರ್ ಎನ್ನುವ ಅಕ್ಕಿ ರೊಟ್ಟಿ ತಟ್ಟಿ ಮೀನು ಸಾರು ಮಾಡುತ್ತಿದ್ದರು.

ಅವನ ತಂಗಿ ರಿಝ್ವಾನಾಗೆ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿದೆ, ಟೆಕ್ನೀಷಿಯನ್. ಅವಳ ಬ್ಯಾಚಿನಲ್ಲಿ ಸಿಕ್ಕಿದ್ದು ಇವಳೊಬ್ಬಳಿಗೆ. ಡ್ಯೂಟಿ ಮುಗಿಯುವಾಗ ಬಜಗೋಳಿಗೆ ಬಸ್ಸಿಲ್ಲ. ತಂದೆ ಮೊಯಿದಿನಬ್ಬ ಒಂದೇ ಶರ್ತ ಹಾಕಿದ್ದಾರೆ: ತಾಯಿ ಜೊತೆಗಿರಬೇಕು, ಅದಕ್ಕೊಂದು ಮನೆ ಬೇಕು. ಒಂದನೆಯ ತಾರೀಕಿನೊಳಗೆ ಸಿಕ್ಕಿದರೆ ಕೆಲಸಕ್ಕೆ ಹೋಗಲಿ, ಇಲ್ಲದಿದ್ದರೆ ಬೇಡ. ಎರಡು ವಾರದಿಂದ ಅಣ್ಣ ತಂಗಿ ಹುಡುಕುತ್ತಿದ್ದಾರೆ. ಫೋನಿನಲ್ಲಿ ಮನೆ ಇರುತ್ತದೆ, ಹೆಸರು ಹೇಳಿದ ಮೇಲೆ ಇರುವುದಿಲ್ಲ.

"ನಿಮ್ಮ ಹಿತ್ತಿಲಲ್ಲಿ ಇನ್ನೊಂದು ಮನೆ ಖಾಲಿ ಉಂಟು ಅಂದಿದ್ದೆ ಅಲ್ವಾ?" ಎಂದ. "ಉಮ್ಮ ಮೀನು ಮಾಡುವುದಿಲ್ಲ ಅಂತ ಹೇಳಿದ್ದಾರೆ ಮಾರಾಯ. ಬೇಕಾದರೆ ಬರೆದು ಕೊಡುತ್ತಾರಂತೆ."

ಆಯಿಶಮ್ಮ ಮೀನು ಬಿಡುವುದು! ಬಾಯಮ್ಮನನ್ನು ಕೇಳುತ್ತೇನೆ, ನೀನು ನಿಶ್ಚಿಂತೆಯಿಂದಿರು ಎಂದೆ. ಇದೊಂದು ಮಹತ್ಕಾರ್ಯ. ಜತೆ ಕಾರ್ಯದರ್ಶಿಯ ಪ್ರಭಾವವನ್ನು ಲೋಕ ನೋಡಲಿ.

ಆಗಸ್ಟ್ ೨೦, ಮಂಗಳವಾರ

ಅವರು ಮನೆ ನೋಡಲು ಬಂದೇ ಬಿಟ್ಟರು. ಜಾಬಿರ್, ರಿಝ್ವಾನಾ, ಆಯಿಶಮ್ಮ. ಬಾಯಮ್ಮ ಬಟ್ಟೆ ತರಲು ಪೇಟೆಗೆ ಹೋಗಿದ್ದರು. ಹೊರಗಿನಿಂದ ನೋಡಿ ಹೋಗಿ, ನಾನು ಮಾತಾಡುತ್ತೇನೆ ಎಂದೆ.

ರಿಝ್ವಾನಾ ಗೇಟಿನ ಮುಂದೆ ನಿಂತು ನಿಯಮಾವಳಿ ಓದಿದಳು. ಮೊದಲು ಮನಸ್ಸಿನಲ್ಲಿ, ಆಮೇಲೆ ಸಭೆಯಲ್ಲಿ ಓದುವಂತೆ ಗಟ್ಟಿಯಾಗಿ, ಒಂದು ಕೈ ಎತ್ತಿ. ಜಾಬಿರ್ ನಕ್ಕ, ಅವಳೂ ನಕ್ಕಳು. ಆ ವಾಕ್ಯಗಳನ್ನು ಹೇಗೆ ಓದಬೇಕೆಂದು ನಾನು ಬರೆಯುವಾಗ ಎಣಿಸಿದ್ದೆನೋ ಸರಿಯಾಗಿ ಹಾಗೆಯೇ ಓದಿದಳು. ಆ ಗೇಟಿನ ಮುಂದೆ ಇಷ್ಟು ದಿನದಲ್ಲಿ ನಕ್ಕವರು ಇವರಿಬ್ಬರೇ.

"ಬರೆದವರಿಗೆ ಒಳ್ಳೆಯ ಕನ್ನಡ ಬರುತ್ತದೆ" ಎಂದಳು. "ಇದು ತಮಾಷೆಗಾ, ನಿಜಕ್ಕಾ?"

ಸಂಘದವರು ಬರೆಸಿದ್ದು, ನನಗೆ ಗೊತ್ತಿಲ್ಲ ಎಂದೆ.

ಅಷ್ಟರಲ್ಲಿ ಆಯಿಶಮ್ಮ ನನ್ನ ಗಲ್ಲ ಹಿಡಿದರು. "ಎಂತ ಮೋನೇ, ಇಷ್ಟು ಬಡವಾಗಿದ್ದೀಯ? ಕಾಪುವಿನವನಿಗೆ ಇಲ್ಲಿ ಮೀನು ಸಿಗುವುದಿಲ್ವಾ?" ಅವರ ಸ್ವರ ಬಜಗೋಳಿ ಜಂಕ್ಷನ್ನಿನ ಈಚೆಯಿಂದ ಆಚೆಗೆ ಕೇಳುವ ಸ್ವರ. ಸರಿಯಾಗಿ ಅದೇ ಹೊತ್ತಿಗೆ ಅಧ್ಯಕ್ಷರು ಕೊಡೆ ಹಿಡಿದುಕೊಂಡು ತಿರುವಿನಲ್ಲಿ ಪ್ರತ್ಯಕ್ಷರಾದರು. ಹಿಂದೆ ಎರಡು ಶಿಸ್ತಿನ ನಾಯಿಗಳು. ಯಾರು ರಾಯರೇ ಇವರೆಲ್ಲ ಎಂದು ಕೇಳಿದರು.

ಪ್ರೆಸ್ಸಿನ ಗಿರಾಕಿಗಳು, ಮದುವೆ ಕಾಗದದ ವಿಷಯ ಎಂದೆ.

ಬಾಯಿಗೆ ಅದೇ ಬಂತು. ಜಾಬಿರ್ ಕೇಳಿಸದವನಂತೆ ಚಪ್ಪಲಿಯ ಕೆಸರು ಒರೆಸಿದ. ಬಸ್‌ಸ್ಟಾಪಿನಲ್ಲಿ, ನಿನ್ನನ್ನು ಯಾಕೆ ರಾಯರು ಅನ್ನುತ್ತಾರೆ ಎಂದು ಕೇಳಿದ. ಅದೊಂದು ದೊಡ್ಡ ತಮಾಷೆ, ಆಮೇಲೆ ಹೇಳುತ್ತೇನೆ ಎಂದೆ. ರಿಝ್ವಾನಾ ಬಸ್ಸಿನ ಕಿಟಕಿಯಿಂದ ಮಣಿಪಾಲದ ಕಡೆಯ ರಸ್ತೆಯನ್ನು ನೋಡುತ್ತಿದ್ದಳು. ಇಲ್ಲಿಂದ ಲ್ಯಾಬಿಗೆ ನಡೆದೇ ಹೋಗಬಹುದು ಎಂದು ಮೂರು ಸಲ ಹೇಳಿದ್ದಳು.

ಆಗಸ್ಟ್ ೨೧, ಬುಧವಾರ

ಆ ಮನೆ ಅವರಿಗೆ ಅಷ್ಟೇನೂ ಅನುಕೂಲವಲ್ಲ. ಅಡುಗೆಮನೆ ಇಕ್ಕಟ್ಟು. ಆಯಿಶಮ್ಮನಿಗೆ ಮೆಟ್ಟಿಲು ಹತ್ತುವುದು ಕಷ್ಟವಾಗುತ್ತದೆ. (ಎರಡೇ ಮೆಟ್ಟಿಲು. ಆದರೂ.) ಬೀದಿಯವರೂ ಒಂದು ಥರ. ಅವರಿಗೇ ಮುಜುಗರವಾಗುವುದು.

ಆಗಸ್ಟ್ ೨೪, ಶನಿವಾರ

ಬಾಯಮ್ಮ ಒಪ್ಪಲಿಲ್ಲ ಎಂದು ಜಾಬಿರನಿಗೆ ಹೇಳಿದೆ. ಒಂದು ಗಂಟೆ ವಾದ ಮಾಡಿದೆ, ಸಂವಿಧಾನದವರೆಗೂ ಹೋದೆ, ಮುದುಕಿ ಜಗ್ಗಲಿಲ್ಲ ಎಂದೆ. ಬಾಯಮ್ಮನ ಸ್ವರವನ್ನೂ ಅನುಕರಿಸಿದೆ.

"ನೀನು ಅಷ್ಟು ಮಾಡಿದ್ದೇ ದೊಡ್ಡದು ಮಾರಾಯ" ಎಂದ ಜಾಬಿರ್. "ಇನ್ನು ಜಗಳ ಮಾಡಬೇಡ. ನಿನ್ನ ರೂಮೂ ಹೋದೀತು."

ಒಳ್ಳೆಯ ಹುಡುಗ.

ಸೆಪ್ಟೆಂಬರ್ ೧, ಭಾನುವಾರ

ಹಿತ್ತಿಲ ಮನೆಗೆ ಇಬ್ಬರು ಹುಡುಗರು ಬಂದರು, ಘಟ್ಟದ ಮೇಲಿನವರು, ಮಣಿಪಾಲದಲ್ಲಿ ಕೆಲಸ. ಅಧಿಕೃತ ನಾಸಿಕದ ನೆಲೆಯಲ್ಲಿ ನಾನೇ ಪರಿಶೀಲಿಸಿದೆ. ತಮಾಷೆಗೆ ಅವರ ಹಾಸಿಗೆ, ಬ್ಯಾಗು, ಕುಕ್ಕರು ಮೂಸಿ ನೋಡಿದೆ. ಹುಡುಗರು ನಗಲಿಲ್ಲ, ಕೈ ಕಟ್ಟಿ ನಿಂತಿದ್ದರು. ಶುದ್ಧ ಸಸ್ಯಾಹಾರಿ ಎಂದು ಘೋಷಿಸಿದೆ. ಅಧ್ಯಕ್ಷರು ಹೆಬ್ಬೆರಳು ಎತ್ತಿದರು.

ಸೆಪ್ಟೆಂಬರ್ ೪, ಬುಧವಾರ

ಆಮ್ಲೆಟ್!

ಕಿಟಕಿ ಮುಚ್ಚಿ ಮಾಡಿದ್ದಾರೆ, ಆದರೂ ನನಗೆ ತಿಳಿಯಿತು. ಹೋಗಿ ಬಾಗಿಲು ತಟ್ಟಿದೆ. ಚಿಕ್ಕ ಹುಡುಗ ಬಾಣಲೆಯನ್ನು ಮಂಚದ ಕೆಳಗೆ ತಳ್ಳಿದ್ದ. ಅಣ್ಣಾ, ಜ್ವರ ಬಂದಿತ್ತು, ಬಾಯಿ ರುಚಿ ಕೆಟ್ಟಿತ್ತು ಎಂದ. ಜ್ವರ ಎಲ್ಲರಿಗೂ ಬರುತ್ತದೆ. ಈ ಸಲ ಬಿಡುತ್ತೇನೆ, ಮುಂದಿನ ಸಲ ಸಂಘಕ್ಕೆ ತಿಳಿಸಬೇಕಾಗುತ್ತದೆ ಎಂದೆ. ಇದರಲ್ಲಿ ತಮಾಷೆ ಏನಿದೆ? ಒಪ್ಪಿ ಬಂದ ಮೇಲೆ ಒಪ್ಪಿದ ಹಾಗೆ ಇರಬೇಕು. ತಲೆನೋವು ಬಂತು ಆ ವಾಸನೆಗೆ.

ಸೆಪ್ಟೆಂಬರ್ ೮, ಭಾನುವಾರ

ಬಾಯಮ್ಮನ ಮನೆಯಲ್ಲಿ ಮೊಂತಿ ಫೆಸ್ತ್. ಮೇರಿ ಮಾತೆಯ ಹುಟ್ಟುಹಬ್ಬ, ಹೊಸ ಅಕ್ಕಿಯ ಊಟ. ವರ್ಷದಲ್ಲಿ ಈ ಒಂದು ದಿನ ಅವರ ಮನೆಯಲ್ಲಿ ಮೀನಿಲ್ಲ ಮಾಂಸವಿಲ್ಲ, ಬಾಳೆಲೆಯ ತುಂಬ ತರಕಾರಿ. ಹಾಗಾಗಿ ನನ್ನನ್ನೂ ಕರೆದರು, ಅಧ್ಯಕ್ಷರನ್ನೂ ಕರೆದರು. ಬಡಿಸಲು ಬಾಯಮ್ಮನ ತಂಗಿಯ ಮಗಳು ಜೆಸ್ಸಿ. ಅಧ್ಯಕ್ಷರು ಕೆಸುವಿನ ದಂಟಿನ ಪಲ್ಯವನ್ನು ಮೂರು ಸಲ ಹಾಕಿಸಿಕೊಂಡು, ನೋಡಿ ಬಾಯಮ್ಮ, ದಿನಾ ಹೀಗೇ ತಿಂದರೆ ಎಷ್ಟು ಚಂದ ಎಂದು ಉಪದೇಶ ಮಾಡಿದರು. ಬಾಯಮ್ಮ ಹೌದು ಹೌದು ಎಂದು ಇನ್ನಷ್ಟು ಬಡಿಸಿದರು. ನಾನು ರಾಯರ ಗಾಂಭೀರ್ಯದಿಂದ ಉಂಡೆ. ಆದರೆ ಬಾಯಮ್ಮ ನನ್ನ ಕೈಯನ್ನೇ ನೋಡುತ್ತಿದ್ದರು.

ಎಲೆ ಎತ್ತಿಕೊಂಡು ಹಿತ್ತಿಲಿಗೆ ಹೋದಾಗ ಹಿಂದೆಯೇ ಬಂದರು.

"ಯಶ್ವಂತ್, ಅಳಸಂಡೆ ಪಲ್ಯದಲ್ಲಿ ಎಷ್ಟು ಮುಳ್ಳು ಸಿಕ್ಕಿತು?"

ನನಗೆ ಅರ್ಥವಾಗಲಿಲ್ಲ. ಅವರು ತಮ್ಮ ಹೆಬ್ಬೆರಳನ್ನು ಉಳಿದ ಬೆರಳುಗಳ ಮೇಲೆ ಉಜ್ಜಿ ತೋರಿಸಿದರು. ಹುಟ್ಟಿದಾಗಿನಿಂದ ಮೀನು ತಿಂದವರ ಕೈ ಅದು: ತುತ್ತನ್ನು ಬಾಯಿಗಿಡುವ ಮೊದಲು ಹೆಬ್ಬೆರಳಿನಿಂದ ಒತ್ತಿ ಮುಳ್ಳು ಉಂಟಾ ಎಂದು ನೋಡುವುದು. ನಾನು ಎಲೆಯ ಮೇಲಿನ ಪ್ರತಿ ತುತ್ತಿಗೂ ಹಾಗೆ ಮಾಡಿದ್ದೆನಂತೆ, ಪಾಯಸದ ಗೋಡಂಬಿಗೂ.

"ಇವತ್ತು ಗೊತ್ತಾದದ್ದು ಅಂತ ಎಣಿಸಬೇಡ" ಎಂದರು. "ನೀನು ಬಂದ ದಿನ ನಾನು ಕಾಣೆ ಹುರಿಯುತ್ತಿದ್ದೆ. ಈರುಳ್ಳಿ ಮುಟ್ಟುವುದಿಲ್ಲ ಅನ್ನುವಾಗ ನೀನು ಎರಡು ಸಲ ಜೊಲ್ಲು ನುಂಗಿದೆ."

ಮತ್ತೆ ಯಾಕೆ ಮನೆ ಕೊಟ್ಟಿರಿ, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀನು ಅಷ್ಟು ಚಂದ ಮಾಡುತ್ತಿದ್ದೆ. ನಿಲ್ಲಿಸಿದರೆ ಬೇಜಾರು ಮಾಡಿಕೊಳ್ಳುತ್ತಿ ಅಂತ." ಸ್ವಲ್ಪ ನಕ್ಕರು. "ಯಾರು ಎಂತ ತಿಂದರೆ ನನಗೆ ಎಂತ? ಬೋರ್ಡು ತೆಗೆಯುವ ಧೈರ್ಯ ನನಗಿಲ್ಲ. ಬಂದು ಕೇಳಿದವರಿಗೆ ಇಲ್ಲ ಎನ್ನುವ ಧೈರ್ಯವೂ ಇಲ್ಲ."

ಒಳಗಿನಿಂದ ಅಧ್ಯಕ್ಷರು ರಾಯರೇ, ವೀಳ್ಯ ಎಂದು ಕರೆದರು. ಬಂದೆ ಎಂದೆ.

ಸೆಪ್ಟೆಂಬರ್ ೧೦, ಮಂಗಳವಾರ

ಏನೂ ವಿಶೇಷವಿಲ್ಲ. ಮಳೆ.

ಸೆಪ್ಟೆಂಬರ್ ೧೬, ಸೋಮವಾರ

ಈದ್ ಮಿಲಾದಿನ ರಜೆ. ಊಟಕ್ಕೆ ಬರಲೇಬೇಕೆಂದು ಆಯಿಶಮ್ಮನ ಅಪ್ಪಣೆ. ಬಜಗೋಳಿಗೆ ಹೋದೆ.

ಎದುರು ಹಾಕಿದ ಕುರ್ಚಿ ಹೊಸದು. ನೆರೆಮನೆಯಿಂದ ತಂದದ್ದಿರಬೇಕು. ಹಿಂದೆಲ್ಲ ನಾನು ಅವರ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ತಿನ್ನುತ್ತಿದ್ದವನು. ಇವತ್ತು ಮೊಯಿದಿನಬ್ಬ ನನ್ನ ಕೈಹಿಡಿದು ಕೂರಿಸಿದರು. ಜಾಬಿರ್ ಎಲ್ಲ ಹೇಳಿದ್ದಾನೆ: ನಾನು ಓನರಮ್ಮನ ಜೊತೆ ಹೇಗೆ ವಾದ ಮಾಡಿದೆ, ಹೇಗೆ ನನ್ನ ರೂಮನ್ನೇ ಪಣಕ್ಕಿಟ್ಟೆ. ನಮಗಾಗಿ ಪೇಟೆಯಲ್ಲಿ ಯಾರೂ ಅಷ್ಟು ಮಾತಾಡಿಲ್ಲ ಎಂದರು. ಲ್ಯಾಬಿನವರು ಒಂದನೆಯ ತಾರೀಕಿನವರೆಗೆ ಕಾದು ಬೇರೆಯವರನ್ನು ತೆಗೆದುಕೊಂಡಿದ್ದಾರೆ. ರಿಝ್ವಾನಾ ಈಗ ಕಾರ್ಕಳದ ಒಂದು ಸಣ್ಣ ಕ್ಲಿನಿಕ್ಕಿಗೆ ಹೋಗುತ್ತಾಳೆ, ಅರ್ಧ ದಿನ, ಚೀಟಿ ಬರೆಯುವ ಕೆಲಸ.

"ಓದಿಸಿದ್ದು ತಪ್ಪಲ್ಲ" ಎಂದರು ಮೊಯಿದಿನಬ್ಬ. "ಮನೆ ಕೊಡುತ್ತಾರೆ ಅಂತ ಎಣಿಸಿದ್ದು ತಪ್ಪು." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಹವಾಮಾನದ ವಿಷಯ ಹೇಳುವಂತೆ ಹೇಳಿದರು.

ಜಾಬಿರ್ ಒತ್ತಾಯ ಮಾಡಿದ: ಆ ವಾದ ಒಮ್ಮೆ ಮಾಡಿ ತೋರಿಸು ಮಾರಾಯ, ಫೋನಿನಲ್ಲಿ ಮಾಡಿದ ಹಾಗೆ. ಮಾಡಿದೆ. ಅಭಿನಯ ನನಗೆ ಎಂದೂ ಕೈಕೊಟ್ಟಿಲ್ಲ. ಟವೆಲನ್ನು ಅಳತೆಯ ಟೇಪಿನಂತೆ ಕುತ್ತಿಗೆಗೆ ಹಾಕಿ ಬಾಯಮ್ಮನಾದೆ, ತೆಗೆದು ಸಂವಿಧಾನವಾದೆ. ಮೊಯಿದಿನಬ್ಬ ಮೊದಲ ಸಲ ನಕ್ಕರು. ಆಯಿಶಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಪಾಪ, ಹೆಂಗಸೊಬ್ಬಳನ್ನು ಅಷ್ಟು ಹೇಳಬಾರದಿತ್ತು ಮೋನೇ ಎಂದರು.

ರಿಝ್ವಾನಾ ಬಾಗಿಲ ಪಕ್ಕದಲ್ಲಿ ನಿಂತಿದ್ದಳು. ಎಲ್ಲ ಮುಗಿದ ಮೇಲೆ ಕೇಳಿದಳು:

"ಅವರು ಸರಿಯಾಗಿ ಎಂತ ಹೇಳಿದರು? ನಿಮ್ಮ ಮಾತಿನಲ್ಲಿ ಬೇಡ. ಅವರ ಮಾತಿನಲ್ಲಿ ಹೇಳಿ."

ನಾನು ಟವೆಲು ಮಡಿಸಿದೆ.

"ನನ್ನದೇನಿಲ್ಲ, ಬೀದಿಯವರು ಒಪ್ಪುವುದಿಲ್ಲ ಅಂದರು" ಎಂದೆ.

ಅವಳು ತಲೆಯಾಡಿಸಿದಳು. "ಹಾಗಾದರೆ ಅವರು ಕೆಟ್ಟವರಲ್ಲ" ಎಂದು ಒಳಗೆ ಹೋಗಿ ಪತ್ತಿರ್ ತಂದು ನನ್ನ ತಟ್ಟೆಗೆ ಮೊದಲು ಹಾಕಿದಳು. ಮೀನು ಸಾರು, ಅದೇ ಹಳೆಯ ರುಚಿ. ನಾಲ್ಕು ತಿಂದೆ. ಇನ್ನೊಂದು, ಇನ್ನೊಂದು ಎಂದು ಆಯಿಶಮ್ಮ ಬಿಡಲಿಲ್ಲ. ಮೂಗು ಏನೂ ತಕರಾರು ಮಾಡಲಿಲ್ಲ. ಬಸ್ಸಿಗೆ ಹತ್ತಿಸಲು ಮನೆಯವರೆಲ್ಲ ರಸ್ತೆಯವರೆಗೂ ಬಂದರು.

ಇಲ್ಲಿಗೆ ಬೀದಿಯ ಕಥೆ ಸಮಾಪ್ತಿ. ಅಧ್ಯಕ್ಷರು ಹೀಗೆ, ಬಾಯಮ್ಮನ ಬೋರ್ಡು ಹಾಗೆ, ಗೇಟು ಗೇಟಿನ ಮನಸ್ಸು ಎಷ್ಟು ಸಣ್ಣದು ಎಂದು ಸಾಕಷ್ಟು ಬರೆದಿದ್ದೇನೆ. ಒಂದು ಚಿಕ್ಕ ವಿಷಯ ಮಾತ್ರ ಬರೆಯುವುದು ಬಿಟ್ಟುಹೋಗಿದೆ.

ಬಾಯಮ್ಮನನ್ನು ನಾನು ಕೇಳಿರಲೇ ಇಲ್ಲ.